ಶಾಲೆ, ಕಲ್ಯಾಣ ಮತ್ತು ಕಪ್ಪು ಕುಟುಂಬದ ನುಡಿ

ಕನ್ನಡ ಸಂಶೋಧನೆಯಲ್ಲಿ ಆಫ್ರಿಕನ್-ಅಮೆರಿಕನ್ ಸಾಹಿತ್ಯದ ಪ್ರಸ್ತಾಪ ಹೊಸದೇನಲ್ಲ. ದಲಿತ ಸಾಹಿತ್ಯವನ್ನು ಕುರಿತ ಬಹುಪಾಲು ಮಹಾಪ್ರಬಂಧಗಳ ಮೊದಲ ಅಧ್ಯಾಯದಲ್ಲಿ 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ, ಅದರ ಹೆಸರನ್ನು ಪಡೆದು 1972ರಲ್ಲಿ ಮುಂಬಯಿಯಲ್ಲಿ ರೂಪುಗೊಂಡ ದಲಿತ ಪ್ಯಾಂಥರ್ಸ್, ಅನಂತರ ಕರ್ನಾಟಕದ ದಲಿತ ಸಂಘರ್ಷ ಸಮಿತಿ ಎಂಬ ಕ್ರಮದ ಒಂದು ಪುಟ ಇರುತ್ತದೆ. ನನ್ನ ಪ್ರಬಂಧದಲ್ಲಿಯೂ ಇದೆ. ಆದರೆ ಅದೇ ಬ್ಲ್ಯಾಕ್ ಪ್ಯಾಂಥರ್ ಪಕ್ಷ 1969ರ ಜನವರಿಯಲ್ಲಿ ಓಕ್ಲೆಂಡಿನ ಚರ್ಚೊಂದರಲ್ಲಿ ಶಾಲಾ ಮಕ್ಕಳಿಗೆ ಉಚಿತ ಬೆಳಗಿನ ಉಪಾಹಾರ ಕೊಡಲು ತೊಡಗಿತೆಂಬ ಸಂಗತಿ ಆ ಪುಟದಲ್ಲಿ ಕಾಣುವುದು ಅಪರೂಪ. ನಾವು ಪ್ಯಾಂಥರಿನ ಗರ್ಜನೆಯನ್ನು ಬರಮಾಡಿಕೊಂಡೆವು, ಉಪಾಹಾರದ ತಟ್ಟೆಯನ್ನು ಅಲ್ಲಿಯೇ ಬಿಟ್ಟೆವು. ಪ್ರತಿಭಟನೆಯ ಸಂಕಥನವಾಗಿ ಮಾತ್ರ ಕಪ್ಪು ಸಾಹಿತ್ಯವನ್ನು ಓದಿದ್ದರ ಫಲವಿದು. ಶಾಲೆ, ನ್ಯಾಯಾಲಯ, ಮಕ್ಕಳ ಕಲ್ಯಾಣ ಇಲಾಖೆಗಳ ಎದುರು ದಿನನಿತ್ಯ ನಿಲ್ಲುವ ಕುಟುಂಬ ನಮ್ಮ ಓದಿನಿಂದ ಹೊರಗುಳಿದಿದೆ.

ಮೊದಲ ತೊಡಕು ಪದದ್ದು. ಅಮೆರಿಕದಲ್ಲಿ ಕಪ್ಪು ಜನ, ಮೂಲನಿವಾಸಿಗಳು, ಲ್ಯಾಟಿನೋಗಳು, ಏಷ್ಯನ್ನರು ಇವರೆಲ್ಲರನ್ನು ಒಟ್ಟಾಗಿ ಸೂಚಿಸುವ ಪದವನ್ನು ಕನ್ನಡಕ್ಕೆ ತರಹೊರಟರೆ ‘ವರ್ಣೀಯರು’ ಎನ್ನಬೇಕಾಗುತ್ತದೆ. ನಮ್ಮ ನುಡಿಯಲ್ಲಿ ‘ವರ್ಣ’ಕ್ಕೆ ಬಣ್ಣವೆಂಬ ಅರ್ಥವಷ್ಟೇ ಅಲ್ಲ, ಶ್ರೇಣೀಕರಣದ ಅರ್ಥವೂ ಅಂಟಿಕೊಂಡಿದೆ. ‘ಬಿಳಿಯರಲ್ಲದವರು’ ಎಂದರೆ ಬಿಳಿಯರೇ ಅಳತೆಗೋಲಾಗುತ್ತಾರೆ. ಈ ಬರಹದಲ್ಲಿ ನಾನು ಆಯಾ ಸಮುದಾಯದ ಹೆಸರನ್ನೇ ಬಳಸಿದ್ದೇನೆ. ‘ಕಲ್ಯಾಣ’ ಎಂಬ ಪದದ್ದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಮಂಗಳ, ಒಳಿತು ಎಂಬ ಅರ್ಥದ ಈ ಪದ ವಚನಕಾರರ ನೆನಪನ್ನೂ ಹೊತ್ತಿದೆ. ಇದನ್ನು ತಾಯಿಯ ಮಡಿಲಿನಿಂದ ಮಗುವನ್ನು ಬೇರ್ಪಡಿಸುವ ಅಧಿಕಾರವಿರುವ ಇಲಾಖೆಗೆ ಇಟ್ಟಾಗ ಆ ಅಧಿಕಾರವು ಕಣ್ಣಿಗೆ ಬೀಳದಂತೆ ಮರೆಯಾಗುತ್ತದೆ. ಕಾನೂನು ವಿದ್ವಾಂಸೆ ಡೊರೊಥಿ ರಾಬರ್ಟ್ಸ್ ಇತ್ತೀಚಿನ ತಮ್ಮ ಬರಹಗಳಲ್ಲಿ ಈ ವ್ಯವಸ್ಥೆಯನ್ನು ಕಲ್ಯಾಣವೆನ್ನದೆ ಕುಟುಂಬಗಳ ಮೇಲಿನ ಪೊಲೀಸುಗಿರಿ ಎಂದೇ ಹೆಸರಿಸಿದ್ದಾರೆ.

ಟೋನಿ ಮಾರಿಸನ್ನರ ‘ದಿ ಬ್ಲೂಯೆಸ್ಟ್ ಐ’ (1970) ಕಾದಂಬರಿಯನ್ನು ಈ ನೆಲೆಯಿಂದ ಮತ್ತೆ ಓದಬಹುದು. ಕಾದಂಬರಿ ತೊಡಗುವುದೇ ಶಾಲೆಯ ವಾಚನ ಪಾಠದ ಮಾದರಿಯಿಂದ. ಚೆಂದದ ಮನೆ, ನಗುವ ತಾಯಿ, ತಂದೆ, ಡಿಕ್ ಮತ್ತು ಜೇನ್ ಎಂಬ ಮಕ್ಕಳು. ಅದೇ ಪಾಠ ಎರಡನೆಯ ಬಾರಿ ವಿರಾಮ ಚಿಹ್ನೆಗಳಿಲ್ಲದೆ, ಮೂರನೆಯ ಬಾರಿ ಪದಗಳ ನಡುವೆ ತೆರಪಿಲ್ಲದೆ ಬರುತ್ತದೆ. ಪಾಠದ ಕುಟುಂಬವೇ ಎಲ್ಲ ಕುಟುಂಬಗಳ ಒರೆಗಲ್ಲಾದಾಗ ಪೆಕೋಲಾ ಎಂಬ ಕಪ್ಪು ಹುಡುಗಿಯ ಉಸಿರು ಹೇಗೆ ಕಟ್ಟುತ್ತದೆಂಬುದನ್ನು ಈ ಮುದ್ರಣ ವಿನ್ಯಾಸವೇ ತೋರಿಸುತ್ತದೆ. ನಮ್ಮ ವಿಮರ್ಶೆ ಇದನ್ನು ಸೌಂದರ್ಯದ ಯಜಮಾನಿಕೆಯ ಪ್ರಶ್ನೆಯಾಗಿ ಓದುತ್ತದೆ, ಅದು ಸರಿಯೇ. ಆದರೆ ಇನ್ನೊಂದು ವಿವರವಿದೆ. ತಂದೆ ಮನೆಗೆ ಬೆಂಕಿಯಿಟ್ಟ ಮೇಲೆ ಪೆಕೋಲಾಳನ್ನು ಕೆಲವು ದಿನಗಳ ಮಟ್ಟಿಗೆ ಮ್ಯಾಕ್‌ಟೀರ್ ಕುಟುಂಬದಲ್ಲಿ ತಂದಿರಿಸುವುದು ಕೌಂಟಿ ಆಡಳಿತ. ಆ ಮನೆಯ ತಾಯಿ ಗೊಣಗುತ್ತಲೇ ಆ ಹುಡುಗಿಗೂ ಹಾಲು ಕೊಡುತ್ತಾಳೆ, ಆಕೆಯ ಹೆಣ್ಣುಮಕ್ಕಳು ತಮ್ಮ ಹಾಸಿಗೆಯಲ್ಲಿ ಜಾಗ ಮಾಡಿಕೊಡುತ್ತಾರೆ. ಪೆಕೋಲಾಳನ್ನು ಅನಂತರ ಹಾಳುಗೆಡವುವವನೂ ಸ್ವಂತ ತಂದೆಯೇ. ಮಕ್ಕಳ ರಕ್ಷಣೆಗೆ ಪ್ರಭುತ್ವದ ಅಗತ್ಯವೇ ಇಲ್ಲವೆಂದು ಈ ಕೃತಿಯನ್ನು ಓದಿದ ಯಾರೂ ಹೇಳಲಾರರು, ನಾನೂ ಹೇಳುತ್ತಿಲ್ಲ. ಯಾವ ಮನೆಯ ಮೇಲೆ ಪ್ರಭುತ್ವದ ಕಣ್ಣು ಬೀಳುತ್ತದೆ, ಯಾವ ನುಡಿಯಲ್ಲಿ ಆ ಮನೆಯನ್ನು ದಾಖಲಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ನುಡಿಯ ಮಾತು ಬಂದದ್ದರಿಂದ, ನಮ್ಮ ಭಾಷಾಶಾಸ್ತ್ರದ ತರಗತಿಗಳಲ್ಲಿ ಕೇಳಿಬರದ ಒಂದು ಮೊಕದ್ದಮೆಯನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ವಿಶ್ವವಿದ್ಯಾಲಯದ ಪಟ್ಟಣ. ಅಲ್ಲಿ ಗ್ರೀನ್ ರೋಡಿನ ಸರ್ಕಾರಿ ವಸತಿಗಳಲ್ಲಿದ್ದ ಬಡ ಕಪ್ಪು ಕುಟುಂಬಗಳ ಮಕ್ಕಳು ಹೋಗುತ್ತಿದ್ದುದು ಬಹುಪಾಲು ಬಿಳಿಯ ಮಕ್ಕಳಿದ್ದ ಶಾಲೆಗೆ. ಶಾಲೆಯ ಹೆಸರು ಮಾತ್ರ ಮಾರ್ಟಿನ್ ಲೂಥರ್ ಕಿಂಗ್ ಪ್ರಾಥಮಿಕ ಶಾಲೆ! ಮಕ್ಕಳು ಓದುವುದರಲ್ಲಿ ಹಿಂದುಳಿದಾಗ ಶಾಲೆಯು ಅವರಿಗೆ ಕಲಿಕಾ ನ್ಯೂನತೆ, ಮಾತಿನ ದೋಷ ಎಂಬ ಹಣೆಪಟ್ಟಿ ಹಚ್ಚಿತು. 1977ರಲ್ಲಿ ಅವರ ತಾಯಂದಿರು ಫೆಡರಲ್ ನ್ಯಾಯಾಲಯಕ್ಕೆ ಹೋದರು. ಬಡತನ ಮತ್ತು ಸಾಮಾಜಿಕ ಹಿನ್ನೆಲೆಯನ್ನು ಆಧರಿಸಿದ ವಾದಗಳನ್ನು ನ್ಯಾಯಾಧೀಶ ಚಾರ್ಲ್ಸ್ ಜೋಯ್ನರ್ ಒಪ್ಪಲಿಲ್ಲ. ಉಳಿದದ್ದು ಭಾಷೆಯ ವಾದ ಮಾತ್ರ. ಸಮಾನ ಭಾಗವಹಿಕೆಗೆ ಅಡ್ಡಿಯಾಗುವ ಭಾಷಾ ತೊಡಕುಗಳನ್ನು ನಿವಾರಿಸಲು ಶಾಲೆಗಳು ಸೂಕ್ತ ಕ್ರಮ ಕೈಗೊಳ್ಳಬೇಕೆಂದು 1974ರ ಸಮಾನ ಶಿಕ್ಷಣಾವಕಾಶ ಕಾಯಿದೆ ಹೇಳುತ್ತದೆ. ಜಿನೀವಾ ಸ್ಮಿದರ್‌ಮನ್ ಮುಂಚೂಣಿಯಲ್ಲಿ ನಿಂತು ತಜ್ಞರನ್ನು ಕಲೆಹಾಕಿದರು, ವಿಲಿಯಂ ಲೆಬೋವ್ ಸಾಕ್ಷ್ಯ ನುಡಿದರು. ಕಪ್ಪು ಮಕ್ಕಳ ಮಾತು ಕೆಟ್ಟ ಇಂಗ್ಲಿಷ್ ಅಲ್ಲ, ತನ್ನದೇ ವ್ಯಾಕರಣವುಳ್ಳ ನುಡಿ ಎಂಬುದು ಅವರ ನಿಲುವು.

1979ರ ಜುಲೈ ತಿಂಗಳಲ್ಲಿ ಬಂದ ತೀರ್ಪು ತಾಯಂದಿರ ಪರವಾಗಿತ್ತು. ಅದು ಕಪ್ಪು ಇಂಗ್ಲಿಷಿನಲ್ಲಿ ಪಾಠ ಮಾಡಬೇಕೆಂದು ಹೇಳಲಿಲ್ಲ, ಪತ್ರಿಕೆಗಳು ಹಾಗೆಂದು ಗುಲ್ಲೆಬ್ಬಿಸಿದವು ಅಷ್ಟೆ. ತೀರ್ಪಿನ ತಿರುಳೆಂದರೆ, ಮಗುವಿನ ಮನೆಮಾತಿಗಿಂತ ಆ ಮನೆಮಾತಿನ ಬಗೆಗಿನ ಶಿಕ್ಷಕರ ಅರಿಯದ ಧೋರಣೆಯೇ ತೊಡಕಾಗಿದೆ, ಆದ್ದರಿಂದ ಮೊದಲು ಶಿಕ್ಷಕರು ಕಲಿಯಬೇಕು. ದೋಷದ ಜಾಗವನ್ನು ಮಗುವಿನ ನಾಲಗೆಯಿಂದ ಶಾಲೆಯ ಕಿವಿಗೆ ವರ್ಗಾಯಿಸಿದ ತೀರ್ಪಿದು. ಶಿಕ್ಷಕರಿಗೆ ನೀಡಿದ ತರಬೇತಿ ಅಲ್ಪಕಾಲದ್ದಾಗಿತ್ತು ಎಂಬುದೂ ನಿಜ.

ನಮ್ಮಲ್ಲಿ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ನುಡಿಯನ್ನು ಕನ್ನಡ ಗದ್ಯದ ಹೊಸ ಸಾಧ್ಯತೆಯೆಂದು ವಿಭಾಗಗಳಲ್ಲಿ ಕೊಂಡಾಡುತ್ತೇವೆ. ಅದೇ ನುಡಿಯಲ್ಲಿ ನಾಲ್ಕನೆಯ ತರಗತಿಯ ಮಗು ಉತ್ತರ ಬರೆದರೆ ಕೆಂಪು ಶಾಯಿ ಬೀಳುತ್ತದೆ. ಜನಾಂಗ ಮತ್ತು ಜಾತಿ ಒಂದೇ ಅಲ್ಲವೆಂಬ ಎಚ್ಚರವಿಟ್ಟುಕೊಂಡೇ ಈ ಮಾತನ್ನು ಹೇಳುತ್ತಿದ್ದೇನೆ.

ಶಾಲೆಯ ಇದೇ ತಪ್ಪುಗ್ರಹಿಕೆ ಕಲ್ಯಾಣ ಇಲಾಖೆಗೆ ದಾಟುವ ಬಗೆ ಹೆಚ್ಚು ಗಂಭೀರವಾದದ್ದು. 1974ರ ಕಾಯಿದೆಯೊಂದು ಮಕ್ಕಳ ಮೇಲಿನ ದೌರ್ಜನ್ಯ ಹಾಗೂ ನಿರ್ಲಕ್ಷ್ಯದ ವರದಿಯನ್ನು ಕಡ್ಡಾಯಗೊಳಿಸುವ ವ್ಯವಸ್ಥೆಯನ್ನು ರಾಜ್ಯಗಳಿಗೆ ಬರುವ ಅನುದಾನದೊಡನೆ ಜೋಡಿಸಿತು. ಹೀಗೆ ವರದಿ ಮಾಡಬೇಕಾದವರಲ್ಲಿ ಶಿಕ್ಷಕರೂ ಸೇರಿದ್ದಾರೆ. ಮಗನ ಹಣೆಪಟ್ಟಿಯನ್ನು ಪ್ರಶ್ನಿಸಲು ಶಾಲೆಗೆ ಹೋದ ತಾಯಿ, ಮಾತು ಬೆಳೆದರೆ ತನ್ನ ಮನೆಯ ಬಾಗಿಲಿಗೆ ತನಿಖೆ ಬಂದೀತೆಂದು ಅಂಜುವ ಸ್ಥಿತಿ ಹೀಗೆ ಉಂಟಾಗುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಅಮೆರಿಕದ ಮಕ್ಕಳಲ್ಲಿ ಶೇ. 37ರಷ್ಟು ಹಾಗೂ ಕಪ್ಪು ಮಕ್ಕಳಲ್ಲಿ ಶೇ. 53ರಷ್ಟು ಮಂದಿ ಹದಿನೆಂಟು ತುಂಬುವುದರೊಳಗೆ ಇಂಥ ತನಿಖೆಯೊಂದನ್ನು ಕಂಡಿರುತ್ತಾರೆ. ಆರೋಪಗಳಲ್ಲಿ ಹೆಚ್ಚಿನವು ಹೊಡೆತ-ಬಡಿತದವಲ್ಲ, ‘ನಿರ್ಲಕ್ಷ್ಯ’ದವು. ಪಾಳಿಯ ಕೆಲಸ ಮುಗಿಸಿ ತಾಯಿ ಬರುವವರೆಗೆ ಮಕ್ಕಳು ತಾವೇ ಇರುವುದು, ಇಕ್ಕಟ್ಟಿನ ಮನೆ, ಬರಿದಾದ ಅಡುಗೆಮನೆ - ಕೊರತೆಯೆಂದು ಹೇಳಬೇಕಾದ ಕಡೆ ನಿರ್ಲಕ್ಷ್ಯವೆಂದು ಬರೆದಾಗ ಬಡತನವು ತಾಯಿಯ ಗುಣದೋಷವಾಗಿ ಬದಲಾಗುತ್ತದೆ. 1997ರ ಕಾಯಿದೆಯ ಪ್ರಕಾರ ಮಗು 22 ತಿಂಗಳುಗಳಲ್ಲಿ 15 ತಿಂಗಳು ಪಾಲನಾ ವ್ಯವಸ್ಥೆಯಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನೇ ರದ್ದುಪಡಿಸುವ ಅರ್ಜಿಯನ್ನು ರಾಜ್ಯ ಸಲ್ಲಿಸಬೇಕು. ಅಂಥ ಮೊಕದ್ದಮೆಗಳಲ್ಲಿ ಬಡ ತಾಯಿಗೆ ವಕೀಲರನ್ನು ಒದಗಿಸುವುದು ಸಂವಿಧಾನದ ಪ್ರಕಾರ ಎಲ್ಲ ಸಂದರ್ಭಗಳಲ್ಲಿಯೂ ಕಡ್ಡಾಯವಲ್ಲವೆಂದು 1981ರ ಲ್ಯಾಸಿಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಹೇಳಿತು. ಹಲವು ರಾಜ್ಯಗಳು ತಮ್ಮ ಕಾನೂನಿನ ಮೂಲಕ ವಕೀಲರನ್ನು ಕೊಡುತ್ತಿರುವುದು ಸಮಾಧಾನದ ಸಂಗತಿ.

ಮೂಲನಿವಾಸಿಗಳ ಅನುಭವ ಇದಕ್ಕಿಂತ ಹಳೆಯದು. 1879ರಲ್ಲಿ ತೆರೆದ ಕಾರ್ಲೈಲ್ ವಸತಿ ಶಾಲೆ ಮಕ್ಕಳ ಕೂದಲನ್ನು ಕತ್ತರಿಸಿತು, ಹೆಸರನ್ನು ಬದಲಿಸಿತು, ತಾಯ್ನುಡಿಯನ್ನು ನಿಷೇಧಿಸಿತು. 1970ರ ದಶಕದ ಹೊತ್ತಿಗೆ ಈ ಸಮುದಾಯಗಳ ಶೇ. 25ರಿಂದ 35ರಷ್ಟು ಮಕ್ಕಳು ಕುಟುಂಬಗಳಿಂದ ಬೇರ್ಪಟ್ಟಿದ್ದರೆಂದು ಸಮೀಕ್ಷೆಗಳು ತೋರಿಸಿದವು. ಮಗುವನ್ನು ಅಜ್ಜಿಯ ಬಳಿಯೋ ಚಿಕ್ಕಮ್ಮನ ಬಳಿಯೋ ಬಿಟ್ಟದ್ದನ್ನೇ ನಿರ್ಲಕ್ಷ್ಯವೆಂದು ಸಮಾಜಕಾರ್ಯಕರ್ತರು ಎಣಿಸಿದ ಉದಾಹರಣೆಗಳು ಅಮೆರಿಕದ ಸಂಸತ್ತಿನ ಮುಂದೆ ಬಂದವು. ಸೋದರಮಾವನ ಮನೆಯಲ್ಲಿ ಉಳಿದು ಓದಿದ ತಲೆಮಾರುಗಳಿರುವ ನಮಗೆ ಇದರ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಮಗುವನ್ನು ಮೊದಲು ವಿಸ್ತೃತ ಬಂಧುಬಳಗದಲ್ಲಿ, ಬಳಿಕ ಸ್ವಂತ ಬುಡಕಟ್ಟಿನಲ್ಲಿ ಇರಿಸಲು ಯತ್ನಿಸಬೇಕೆಂದು 1978ರ ಕಾಯಿದೆ ವಿಧಿಸಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಅದನ್ನು ಉಳಿಸಿತು. ಕಪ್ಪು ಕುಟುಂಬಗಳಿಗೆ ಇಂಥ ರಾಷ್ಟ್ರೀಯ ಕಾಯಿದೆಯಿಲ್ಲ. ಮಿನಿಸೋಟಾ ರಾಜ್ಯ 2024ರಲ್ಲಿ ಆ ದಿಕ್ಕಿನ ಕಾಯಿದೆಯೊಂದನ್ನು ಅಂಗೀಕರಿಸಿದೆ.

ಇದೆಲ್ಲ ಕನ್ನಡಕ್ಕೆ ಏಕೆ ಎಂದು ವಿಚಾರ ಸಂಕಿರಣವೊಂದರಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಆಗ ಉತ್ತರ ಹೊಳೆಯಲಿಲ್ಲ. 2011ರಲ್ಲಿ ನಾರ್ವೆಯಲ್ಲಿ ಭಾರತೀಯ ದಂಪತಿಗಳ ಇಬ್ಬರು ಮಕ್ಕಳನ್ನು ಅಲ್ಲಿನ ಇಲಾಖೆ ಕೊಂಡೊಯ್ದಾಗ, ಕೈಯಿಂದ ಉಣಿಸಿದ್ದು, ಜೊತೆಯಲ್ಲಿ ಮಲಗಿಸಿಕೊಂಡದ್ದು ಕೂಡ ಆಕ್ಷೇಪಕ್ಕೆ ಒಳಗಾಯಿತೆಂದು ಹೆತ್ತವರು ಹೇಳಿದಾಗ ದೇಶವೇ ಸಿಡಿದೆದ್ದಿತ್ತು. 2012ರಲ್ಲಿ ಮಕ್ಕಳು ಭಾರತಕ್ಕೆ ಬಂದರು. ಅಂದು ನಾವು ಅದನ್ನು ಭಾರತೀಯ ಸಂಸ್ಕೃತಿಗೆ ಆದ ಅವಮಾನವೆಂದು ಓದಿದೆವೇ ಹೊರತು, ಅದೇ ಅನುಭವದಲ್ಲಿ ದಶಕಗಳಿಂದ ಬೇಯುತ್ತಿದ್ದ ಡೆಟ್ರಾಯಿಟಿನ ಕಪ್ಪು ತಾಯಿಯನ್ನೋ ಡಕೋಟಾದ ಅಜ್ಜಿಯನ್ನೋ ನೆನೆಯಲಿಲ್ಲ. ಅಮೆರಿಕದ ಕನ್ನಡ ಕುಟುಂಬಗಳ ಮಕ್ಕಳೂ ಶಾಲೆಯ ದಾಖಲೆಯಲ್ಲಿ ಬಿಳಿಯರ ಕಲಮಿನಲ್ಲಿಲ್ಲ. ವಿದ್ಯೆ ಮತ್ತು ವೇತನ ಅವರಲ್ಲಿ ಬಹಳಷ್ಟು ಮಂದಿಯನ್ನು ಕಾಯುತ್ತಿವೆ, ಬಣ್ಣವಲ್ಲ.

ಸ್ನಾತಕೋತ್ತರ ತರಗತಿಯ ತೌಲನಿಕ ಸಾಹಿತ್ಯದ ಪತ್ರಿಕೆಯಲ್ಲಿ ಮಾರಿಸನ್ನರ ಕಾದಂಬರಿಯ ಜೊತೆಗೆ ಆ್ಯನ್ ಆರ್ಬರಿನ ತೀರ್ಪನ್ನೂ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಶಾಲೆಯ ಪ್ರಸಂಗಗಳನ್ನೂ ಒಟ್ಟಿಗಿಟ್ಟು ಓದಿಸಬೇಕೆಂಬುದು ನನ್ನ ಸಲಹೆ. ಕಾನೂನಿನ ಬರಹ ಸಾಹಿತ್ಯವಲ್ಲವೆಂಬ ಆಕ್ಷೇಪ ಬರಬಹುದು. ಶಾಸನಗಳನ್ನು ಸಾಹಿತ್ಯವಾಗಿ ಓದಿಸುತ್ತಲೇ ಬಂದ ವಿಭಾಗಗಳಿಂದ ಆ ಆಕ್ಷೇಪ ಬರಲಾರದೆಂದು ನಂಬಿದ್ದೇನೆ. ತೀರ್ಪನ್ನು ಕನ್ನಡಕ್ಕೆ ತರುವ ಕೆಲಸವನ್ನು ತೊಡಗಿದ್ದೇನೆ. ‘ಮನೆಮಾತು’ ಎಂಬ ಪದ ಬರುವ ಕಡೆಗಳಲ್ಲೆಲ್ಲ ಕೈ ಸರಾಗವಾಗಿ ಸಾಗುತ್ತಿದೆ, ‘ಕಲಿಕಾ ನ್ಯೂನತೆ’ ಬಂದಾಗ ನಿಲ್ಲುತ್ತಿದೆ.