ಜಪಾನನ್ನು ಸಾಕ್ಷಿಗೆ ಕರೆದವರಿಗೆ ಒಂದು ಉತ್ತರ

ಮದುವೆಯಾದ ಹೆಣ್ಣುಮಗಳು ಅಪ್ಪನ ಇನಿಷಿಯಲ್ ಬಿಟ್ಟು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂಬ ಒತ್ತಾಯ ತಪ್ಪು ಎಂದು ಬೆಂಗಳೂರಿನ ಗೋವಿಂದರಾಜನಗರದ ಒಂದು ಸಂಜೆಯ ಚರ್ಚೆಯಲ್ಲಿ ನಾನು ಹೇಳಿದ್ದೆ. ಆಮೇಲೆ ಬಂದ ಆಕ್ಷೇಪಣೆಗಳೆಲ್ಲ ಸುತ್ತಿ ಬಳಸಿ ಜಪಾನಿಗೇ ಹೋಗಿ ನಿಂತವು. ಇದರಲ್ಲಿ ಆಶ್ಚರ್ಯವೇನಿಲ್ಲ. ವಿಜಯನಗರ, ಅತ್ತಿಗುಪ್ಪೆಯಲ್ಲಿ ನಾವು ಹತ್ತಿಳಿಯುವ ಮೆಟ್ರೊದ ಮೊದಲ ಹಂತಕ್ಕೆ ಜಪಾನಿನ ಸಾಲವಿದೆ. ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಬಿಡದಿಯ ಟೊಯೋಟಾ ಕಾರ್ಖಾನೆ ಸಿಗುತ್ತದೆ. ಜಪಾನಿನ ಬಗ್ಗೆ ನಮ್ಮವರಿಗಿರುವ ಗೌರವ ನನಗೂ ಇದೆ. ಆದರೆ ಆ ದೇಶವನ್ನು ಸಾಕ್ಷಿಕಟ್ಟೆಗೆ ಹತ್ತಿಸಿದ ಮೇಲೆ ಅದು ಹೇಳುವುದನ್ನು ಪೂರ್ತಿ ಕೇಳಬೇಕು.

ಮೊದಲ ಆಕ್ಷೇಪಣೆ: ಅಷ್ಟು ಮುಂದುವರಿದ ದೇಶದಲ್ಲೂ ಗಂಡ ಹೆಂಡತಿಗೆ ಇವತ್ತಿಗೂ ಒಂದೇ ಮನೆತನದ ಹೆಸರು, ಅದು ಅವರ ಅನಾದಿ ಸಂಪ್ರದಾಯ. ಒಂದೇ ಹೆಸರು ಎಂಬುದು ನಿಜ. ಅವರ ನಾಗರಿಕ ಸಂಹಿತೆಯ 750ನೇ ವಿಧಿ ಅದನ್ನೇ ಹೇಳುತ್ತದೆ. ಇಬ್ಬರಲ್ಲಿ ಯಾರ ಹೆಸರನ್ನಾದರೂ ಇಟ್ಟುಕೊಳ್ಳಬಹುದು ಎಂದಿದ್ದರೂ ಶೇಕಡಾ ಸುಮಾರು 95 ಮದುವೆಗಳಲ್ಲಿ ಹೆಸರು ಬಿಡುವವಳು ಹೆಣ್ಣೇ. ಆದರೆ ‘ಅನಾದಿ’ ಎಂಬ ಮಾತು ನಿಲ್ಲುವುದಿಲ್ಲ. ಜಪಾನಿನ ಜನಸಾಮಾನ್ಯರೆಲ್ಲ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಿದ್ದೇ 1875ರಲ್ಲಿ. ಮರುವರ್ಷ, ಮದುವೆಯಾದ ಹೆಣ್ಣು ಯಾವ ಹೆಸರು ಬಳಸಬೇಕು ಎಂಬ ಪ್ರಶ್ನೆ ಬಂದಾಗ ಅದೇ ಸರ್ಕಾರ ಕೊಟ್ಟ ಉತ್ತರ, ಹುಟ್ಟಿದ ಮನೆಯ ಹೆಸರನ್ನೇ ಬಳಸಬೇಕು ಎಂದು. ಮನೆಗೊಬ್ಬ ಯಜಮಾನ, ಮನೆಗೊಂದು ಹೆಸರು ಎಂಬ ಏರ್ಪಾಟು ಕಾನೂನಾದದ್ದು 1898ರ ಸಂಹಿತೆಯಲ್ಲಿ. ನಮ್ಮ ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನಿಗೆ ಹೋದದ್ದೂ ಅದೇ ವರ್ಷ. ಅವರು ಹಡಗಿನಿಂದ ಇಳಿದಾಗ ಈ ‘ಸನಾತನ’ ಪದ್ಧತಿಗೆ ಇನ್ನೂ ಹಸಿ ಮಸಿಯ ವಾಸನೆ ಇತ್ತು.

ಹೆಸರಿನ ಕಥೆಯಷ್ಟೇ ಅಲ್ಲ. ದೇವಾಲಯದಲ್ಲಿ ನಡೆಯುವ ಶಿಂಟೋ ಮದುವೆ ಹಳೆಯ ಕಾಲದ್ದೆಂದು ಪ್ರವಾಸಿಗರು ಕಣ್ತುಂಬಿಕೊಳ್ಳುತ್ತಾರೆ. ಆ ವಿಧಿ ಜನಪ್ರಿಯವಾದದ್ದು 1900ರಲ್ಲಿ ಯುವರಾಜನ ಮದುವೆ ಹಾಗೆ ನಡೆದ ಮೇಲೆ. ಸಿಂಹಾಸನಕ್ಕೆ ಗಂಡುಮಕ್ಕಳೇ ಬರಬೇಕೆಂಬ ನಿಯಮ 1889ರದ್ದು. ಅದಕ್ಕಿಂತ ಮುಂಚೆ ಎಂಟು ಮಂದಿ ಹೆಂಗಸರು ಆ ಪಟ್ಟದಲ್ಲಿ ಕೂತು ಆಳಿದ್ದರು. ಈಗಿನ ಚಕ್ರವರ್ತಿಗೆ ಒಬ್ಬಳೇ ಮಗಳು, ಆಕೆಗೆ ಪಟ್ಟವಿಲ್ಲ. ಇಲ್ಲಿ ಹೊಸದು ಯಾವುದು, ಹಳೆಯದು ಯಾವುದು?

ಎರಡನೆಯದು ಹೆಚ್ಚು ಜಾಣತನದ ವಾದ. ಜಪಾನೀಯರು ಪಶ್ಚಿಮದಿಂದ ಯಂತ್ರ ತಂದರು, ಆಚಾರ ಮುಟ್ಟಲಿಲ್ಲ ಎನ್ನುವುದು. ಆತ್ಮ ನಮ್ಮದು, ವಿದ್ಯೆ ಅವರದು ಎಂಬ ಘೋಷಣೆ ಅಲ್ಲಿ ಇದ್ದದ್ದು ಹೌದು. ನಡೆದದ್ದು ಬೇರೆ. 1871ರಲ್ಲಿ ಸಾಮಂತರ ಸಂಸ್ಥಾನಗಳನ್ನೇ ರದ್ದು ಮಾಡಿದರು. 1872ರಲ್ಲಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಊರೆಲ್ಲ ಹಬ್ಬಿತು, ಶತಮಾನಗಳ ನಿಷೇಧ ಸಡಿಲಾಯಿತು. 1873ರಿಂದ ಪಂಚಾಂಗವೇ ಬದಲಾಯಿತು. ಹೊಸ ವರ್ಷದ ದಿನ ಬೇರೆಯಾದರೆ ಹಬ್ಬಹುಣ್ಣಿಮೆಗಳ ಗತಿ ಏನೆಂದು ಯುಗಾದಿ ಆಚರಿಸುವ ನಮಗೆ ಬಿಡಿಸಿ ಹೇಳಬೇಕಿಲ್ಲ. 1876ರಲ್ಲಿ ಸಮುರಾಯಿಗಳ ಸೊಂಟದಿಂದ ಕತ್ತಿ ಇಳಿಸಿದರು. ಇದೆಲ್ಲ ಯಂತ್ರವೇ?

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಒಂದು ಮಗು. 1871ರ ಕೊನೆಯಲ್ಲಿ ಜಪಾನ್ ಸರ್ಕಾರದ ಇವಾಕುರಾ ನಿಯೋಗ ಅಮೆರಿಕಕ್ಕೆ ಹೊರಟಾಗ ಹಡಗಿನಲ್ಲಿ ಐವರು ಹೆಣ್ಣುಮಕ್ಕಳಿದ್ದರು. ಸರ್ಕಾರವೇ ಓದಲು ಕಳಿಸಿದ್ದು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ತ್ಸುದಾ ಉಮೆ, ಆರು ವರ್ಷದವಳು. ಅಮ್ಮನ ಮಡಿಲು ಬಿಟ್ಟು ಅಷ್ಟು ದೂರ ಹೋದವಳು ಸುಮಾರು ಹನ್ನೊಂದು ವರ್ಷ ಕಳೆದು ಮರಳುವ ಹೊತ್ತಿಗೆ ತಾಯ್ನುಡಿ ಮರೆತಿದ್ದಳು. 1900ರಲ್ಲಿ ಆಕೆ ಟೋಕಿಯೊದಲ್ಲಿ ಹೆಣ್ಣುಮಕ್ಕಳಿಗಾಗಿ ಶುರುಮಾಡಿದ ಶಾಲೆ ಈಗ ವಿಶ್ವವಿದ್ಯಾಲಯ. 2024ರಿಂದ ಜಪಾನಿನ 5,000 ಯೆನ್ ನೋಟಿನ ಮೇಲೆ ಆಕೆಯ ಮುಖವಿದೆ. ಆಚಾರ ಮುಟ್ಟದ ದೇಶವೊಂದು ಆರು ವರ್ಷದ ಹುಡುಗಿಯನ್ನು ಸಮುದ್ರ ದಾಟಿಸುತ್ತಿತ್ತೆ?

ಮೂರನೆಯ ಆಕ್ಷೇಪಣೆಯವರು ವಿಶ್ವೇಶ್ವರಯ್ಯನವರನ್ನೇ ಮುಂದಿಟ್ಟರು. ಅವರು ಜಪಾನಿನಿಂದ ಕೈಗಾರಿಕೆ ಕಲಿತರೇ ಹೊರತು ಸಮಾಜ ತಿದ್ದುವ ಉಸಾಬರಿಗೆ ಹೋಗಲಿಲ್ಲವಂತೆ. ಅವರು ದಿವಾನರಾದ ಮರುವರ್ಷವೇ, 1913ರಲ್ಲಿ, ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಮಕ್ಕಳನ್ನು ಹೊಲದಿಂದ ಎಬ್ಬಿಸಿ ಶಾಲೆಗೆ ಕಳಿಸಿ ಎಂದು ತಂದೆತಾಯಿಗೆ ಹೇಳುವುದಕ್ಕಿಂತ ದೊಡ್ಡ ಸಮಾಜ ಬದಲಾವಣೆ ಯಾವುದಿದೆ? ಅವರಿಗೂ ಒಂದು ಗೆರೆ ಇತ್ತು, ನಿಜ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರೊಂದಿಗೆ ಅಭಿಪ್ರಾಯಭೇದ ಬಂದು 1918ರಲ್ಲಿ ದಿವಾನಗಿರಿ ಬಿಟ್ಟರು. ಆದರೂ ಮೈಸೂರು ನಿಲ್ಲಲಿಲ್ಲ. ನಾಲ್ವಡಿಯವರು ನೇಮಿಸಿದ ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು, ಮೀಸಲಾತಿ ಬಂತು. ನಾವು ಪೂಜಿಸುವ ದೊಡ್ಡವರು ನಿಂತ ಜಾಗದಲ್ಲೇ ಊರೂ ನಿಲ್ಲಬೇಕೆಂಬ ನಿಯಮ ನಮ್ಮ ಸಂಸ್ಥಾನದಲ್ಲೇ ಇರಲಿಲ್ಲ.

ಬದಲಾವಣೆ ತಾನಾಗಿ ಬರಲಿ, ಕಾನೂನು ಯಾಕೆ ಎಂದವರಿಗೆ ಉದ್ದದ ಉತ್ತರ ಬೇಕಿಲ್ಲ. ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸರ್ಕಾರ 1894ರಲ್ಲೇ ತಡೆಯಿತು. 1933ರಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾನೂನು ಮಾಡಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಎಂಬುದು ಕರ್ನಾಟಕದಲ್ಲಿ 1994ರಲ್ಲಿ ಬಂತು, ದೆಹಲಿಗೆ ಅದೇ ಮಾತು ಹೊಳೆಯಲು 2005 ಆಗಬೇಕಾಯಿತು. ತಾನಾಗಿ ಬರಲಿ ಎಂದು ಕಾದಿದ್ದರೆ ಮಾಗಡಿ ರಸ್ತೆಯ ಎಷ್ಟು ಸೈಟುಗಳ ವಿಭಾಗ ಪತ್ರದಲ್ಲಿ ಮಗಳ ಸಹಿಗೆ ಜಾಗ ಇರುತ್ತಿತ್ತು?

ಕೊನೆಯ ಆಕ್ಷೇಪಣೆ ಗಟ್ಟಿಯಾದದ್ದು. 2025ರ ಅಕ್ಟೋಬರಿನಲ್ಲಿ ಜಪಾನಿನ ಮೊದಲ ಮಹಿಳಾ ಪ್ರಧಾನಿಯಾದ ತಕಾಇಚಿ ಸನಾಎ ಅವರೇ ಗಂಡಹೆಂಡಿರಿಗೆ ಬೇರೆ ಬೇರೆ ಹೆಸರು ಬೇಡ ಎನ್ನುತ್ತಾರಲ್ಲ ಎಂದು ಕೇಳಿದರು. ಹೌದು, ಎನ್ನುತ್ತಾರೆ. ಅಲ್ಲಿನ ಸುಪ್ರೀಂ ಕೋರ್ಟ್ ಕೂಡ 2015ರಲ್ಲಿ, ಮತ್ತೆ 2021ರಲ್ಲಿ ಆ ಕಾನೂನನ್ನು ಎತ್ತಿಹಿಡಿಯಿತು. ಆದರೆ ಬೇಕಾದವರು ತಮ್ಮ ತಮ್ಮ ಹೆಸರು ಉಳಿಸಿಕೊಳ್ಳಲಿ ಎಂದು ಸರ್ಕಾರದ್ದೇ ಕಾನೂನು ಸಲಹಾ ಮಂಡಳಿ 1996ರಲ್ಲೇ ಶಿಫಾರಸು ಮಾಡಿತ್ತು. 2024ರಲ್ಲಿ ದೊಡ್ಡ ಕಂಪನಿಗಳ ಒಕ್ಕೂಟವಾದ ಕೈದಾನ್‌ರೆನ್ ಕೂಡ ಅದನ್ನೇ ಕೇಳಿತು. ಕೆಲಸದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಹೊರದೇಶದಲ್ಲಿ ವ್ಯವಹರಿಸುವ ಹೆಂಗಸರಿಗೆ ಆಗುವ ತೊಂದರೆ ಅವರ ಲೆಕ್ಕಕ್ಕೂ ಸಿಕ್ಕಿದೆ. ಒಬ್ಬ ಪ್ರಧಾನಿಯ ಮಾತನ್ನು ಜಪಾನಿನ ಮಾತೆಂದು ನಮ್ಮ ಮುಂದಿಡುವವರು ಆ ದೇಶದೊಳಗಿನ ಈ ಜಗಳವನ್ನು ಮುಚ್ಚಿಡುತ್ತಿದ್ದಾರೆ.

ನಮಗಂತೂ ಅಂಥ ಕಾನೂನೇ ಇಲ್ಲ. ಹಳೇ ಮೈಸೂರಿನ ಬಹುತೇಕ ಮನೆಗಳಲ್ಲಿ ಕಾಪಾಡಿಕೊಳ್ಳಬೇಕಾದ ಮನೆತನದ ಹೆಸರೂ ಇಲ್ಲ, ಇರುವುದು ಊರಿನ, ಅಪ್ಪನ ಮೊದಲಕ್ಷರ. ಆದರೂ ಹೊಸದಾಗಿ ಮದುವೆಯಾದವಳು ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ, ನೋಟರಿಯ ಮೊಹರು ಹಾಕಿಸಿ, ಪತ್ರಿಕೆಯಲ್ಲಿ ಹೆಸರು ಬದಲಾವಣೆಯ ಜಾಹೀರಾತು ಕೊಟ್ಟು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವವಳೂ ತಾನೇ ಎಂದು ರುಜುವಾತು ಮಾಡುತ್ತ ಅಲೆಯುತ್ತಾಳೆ. ಅವಳಿಗೆ ಅದು ಇಷ್ಟವಿದ್ದರೆ ನನ್ನ ತಕರಾರಿಲ್ಲ. ಇಷ್ಟವಿಲ್ಲದವಳನ್ನು ಜಪಾನಿನ ಹೆಸರು ಹೇಳಿ ಅಲೆಸಬೇಡಿ.