ಚಿಟ್ಟೆ ಚಾಕು ಕೊಳ್ಳುವ ಮುನ್ನ ಅಟ್ಟ ಹತ್ತಿ ನೋಡಿ ಸ್ವಾಮಿ

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಮೊನ್ನೆ ಗುಂಡ್ಲುಪೇಟೆಯ ಅಕ್ಕನ ಮನೆಗೆ ಹೋಗಿ ಬಂದ ಮೇಲೆ ಮಾತ್ರ ಕೈ ಸುಮ್ಮನಿರಲಿಲ್ಲ. ಸ್ವಲ್ಪ ಖಾರವಾಗಿಯೇ ಬರೆದಿದ್ದೇನೆ. ಬಯ್ಯುವವರು ಕೊನೆತನಕ ಓದಿ ಆಮೇಲೆ ಬಯ್ಯಿರಿ :)

ಚಾಮರಾಜನಗರದಲ್ಲಿ ಬಸ್ಸು ಹತ್ತಿ, ತೆರಕಣಾಂಬಿ ದಾಟಿ ಅಕ್ಕನ ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ. ಅಕ್ಕನ ಮಗ ಈ ವರ್ಷ ಡಿಗ್ರಿಗೆ ಸೇರಿದ್ದಾನೆ. ನನಗೆ ಕತ್ತಿ, ಚಾಕು ಕೂಡಿಡುವ ಹುಚ್ಚಿರುವುದು ಅವನಿಗೆ ಗೊತ್ತು. ಚಪ್ಪಲಿ ಬಿಡುವ ಮೊದಲೇ ಮೊಬೈಲು ಹಿಡಿದುಕೊಂಡು ಬಂದ.

"ಮಾವ, ನಾನೂ ಕಲೆಕ್ಷನ್ ಸುರು ಮಾಡ್ದಿ. ಆರು ಬಟರ್‌ಫ್ಲೈ ಚಾಕು ನೋಡಿ ಮಡಗಿವ್ನಿ. ಯಾವ್ದ ತಕ್ಕಳ್ಳಿ, ನೀನೇ ಹೇಳು."

ಒಂದಕ್ಕೆ ಡ್ರ್ಯಾಗನ್ ಹಿಡಿ, ಒಂದಕ್ಕೆ ಕಾಮನಬಿಲ್ಲಿನ ಬಣ್ಣ, ಒಂದರ ಮೇಲೆ "ಡಮಾಸ್ಕಸ್" ಅಂತ ದೊಡ್ಡದಾಗಿ ಬರೆದಿತ್ತು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಶುರು ಮಾಡಿದಳು: "ನೀನೊಬ್ಬ ಸಾಲ್ದು ಅಂತ ಇವನ್ನೂ ಕೆಡಿಸ್ತಿದ್ದಯಲ್ಲ! ಲಾಂಗು ಮಚ್ಚು ಸಿನಿಮಾ ನೋಡಿ ನೋಡಿ ಹಿಂಗಾಗದ!"

ಹಾಗನ್ನುವಾಗ ಅವಳು ಕೂತಿದ್ದು ಈಳಿಗೆಮಣೆಯ ಮೇಲೆ. ಅದರ ಅಲಗು ಹುಡುಗನ ಆರೂ ಚಾಕುಗಳಿಗಿಂತ ಉದ್ದ.

ನನ್ನ ಮೊದಲ ಜಗಳ ಈ ಜಾತಿಯ ಭಯದ ಜೊತೆ. 1995ರ 'ಓಂ' ಬಂದ ಮೇಲೆ ನಮ್ಮಲ್ಲಿ ಚೂಪಾದದ್ದೆಲ್ಲ ರೌಡಿಯ ಆಸ್ತಿ ಅಂತಾಗಿಬಿಟ್ಟಿದೆ. ಚಿಟ್ಟೆ ಚಾಕು ಹುಟ್ಟಿದ್ದು ಗೂಂಡಾಗಳ ಗಲ್ಲಿಯಲ್ಲಲ್ಲ ಸ್ವಾಮಿ. ಫಿಲಿಪೈನ್ಸಿನ ಬಟಾಂಗಾಸ್ ಪ್ರಾಂತ್ಯದ ತಾಲ್ ಎಂಬ ಊರಿನ ಕಮ್ಮಾರರಿಂದ ಅದಕ್ಕೆ ಹೆಸರು ಬಂತು. ಅಲ್ಲಿ ಅದನ್ನು ಬಾಲಿಸಾಂಗ್ ಅನ್ನುತ್ತಾರೆ. ಹಳೇ ಗಾಡಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಅಲಗು ಬಡಿದು, ಹಿತ್ತಾಳೆ ಹಿಡಿಗೆ ಎಮ್ಮೆ ಕೊಂಬು ಕೂರಿಸುತ್ತಾರೆ. ನಮ್ಮ ಕುಲುಮೆಯವರು ಮಚ್ಚು ಮಾಡುವುದೂ ಅದೇ ಲಾರಿ ಸ್ಪ್ರಿಂಗಿನಲ್ಲಿ ತಾನೆ?

ಹಾಗಂತ ಅಕ್ಕನ ಭಯ ಪೂರ್ತಿ ಸುಳ್ಳು ಅನ್ನಲಾರೆ. ಬ್ರಿಟನ್ 1988ರಲ್ಲೇ ಇದರ ಮಾರಾಟ ನಿಲ್ಲಿಸಿತು, 2021ರಿಂದ ಮನೆಯೊಳಗೆ ಇಟ್ಟುಕೊಳ್ಳುವುದೂ ಅಲ್ಲಿ ತಪ್ಪು. ಜರ್ಮನಿ 2003ರಲ್ಲಿ ನಿಷೇಧಿಸಿತು. ಆ ಕಡೆ ಇರುವ ಬ್ಲಾಗಿಗ ಮಿತ್ರರು ದಯವಿಟ್ಟು ಹುಷಾರು. ನಮ್ಮ ಶಸ್ತ್ರಾಸ್ತ್ರ ನಿಯಮಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದವನ್ನು ಬಿಟ್ಟಿದ್ದಾರೆ. ಆದರೆ ದಿಲ್ಲಿಯಲ್ಲಿ 1980ರ ಅಧಿಸೂಚನೆ ಬಟನ್ ಚಾಕುಗಳನ್ನು ಇನ್ನೂ ಚಿಕ್ಕ ಅಳತೆಯಲ್ಲೇ ಹಿಡಿಯಿತು. ಸಂಗ್ರಹದ ಚಾಕು ಬೀರುವಿನಲ್ಲಿರಬೇಕು, ಜೇಬಿನಲ್ಲಲ್ಲ. ಹುಡುಗನಿಗೆ ನಾನು ಹಾಕಿದ ಮೊದಲ ಷರತ್ತೇ ಇದು. ತಿರುಗಿಸುವ ಆಸೆಯಿದ್ದರೆ ಬಾಯಿಯೇ ಇಲ್ಲದ ಮೊಂಡು ಚಾಕು ಸಿಗುತ್ತದೆ, ಅದರಲ್ಲಿ ಆಡಿಕೊಳ್ಳಲಿ.

ಎರಡನೇ ಜಗಳ ನಮ್ಮಂಥ ಸಂಗ್ರಹಕಾರರ ಜೊತೆ. ಯಾರಾದರೂ "ಯಾವ ಚಾಕು ಕೊಳ್ಳಲಿ" ಅಂದರೆ ಸಾಕು, ಬ್ರ್ಯಾಂಡು, ಬೆಲೆ, ಬಣ್ಣ! ಒಬ್ಬನಾದರೂ ಸಂದು ನೋಡು ಅನ್ನುವುದಿಲ್ಲ. ಚಿಟ್ಟೆ ಚಾಕು ಅಂದರೇ ಸಂದು. ಎರಡು ಹಿಡಿ, ಎರಡು ತಿರುಗಣೆ, ನಡುವೆ ಅಲಗು. ಮಡಿಸಿದಾಗ ಎರಡೂ ಹಿಡಿ ಸೇರಿ ಅಲಗನ್ನು ಮುಚ್ಚಬೇಕು, ಬಿಚ್ಚಿದಾಗ ಎರಡೂ ಸೇರಿ ಒಂದೇ ಹಿಡಿಯಂತೆ ಕೂರಬೇಕು. ತಿರುಗಣೆಯ ಹತ್ತಿರ ಒಂದು ಕೂದಲೆಳೆ ಸಡಿಲವಿದ್ದರೆ ತುದಿಯಲ್ಲಿ ಅದು ಗಡಗಡ ಅಲ್ಲಾಡುತ್ತದೆ. ಹಿಡಿ ಒಂದೇ ಲೋಹದ ತುಂಡನ್ನು ಕೊರೆದು ಮಾಡಿದ್ದೋ, ಎರಡು ತಗಡು ಜೋಡಿಸಿದ್ದೋ ನೋಡಿ. ಬಾಯಿ ಬಂದು ಕೂರುವ ಹಿಡಿ ಯಾವುದು, ಬೆನ್ನು ಕೂರುವ ಹಿಡಿ ಯಾವುದು ತಿಳಿದುಕೊಳ್ಳಿ. ಬಾಯಿಯ ಕಡೆಯದನ್ನು ಹಿಡಿದು ತಿರುಗಿಸಿದರೆ ಬೆರಳು ನಿಮ್ಮದಲ್ಲ.

ಇನ್ನು ಆ "ಡಮಾಸ್ಕಸ್". ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಬಡಿದಿದ್ದರೆ ಅಲೆಯ ಗೆರೆ ಅಲಗಿನ ಬೆನ್ನಿನ ಮೇಲೂ ಮುಂದುವರಿಯುತ್ತದೆ. ಪಕ್ಕದಲ್ಲಿ ಮಾತ್ರ ಗೆರೆಯಿದ್ದು ಬೆನ್ನು ಬೋಳಾಗಿದ್ದರೆ ಅದು ಲೇಸರಿನಲ್ಲಿ ಬಿಡಿಸಿದ ರಂಗೋಲಿ. ಇಂಗ್ಲಿಷಿನ 'ವೂಟ್ಜ್' ಎಂಬ ಪದ ನಮ್ಮ 'ಉಕ್ಕು'ವಿನಿಂದ ಬಂದದ್ದು. ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದುದನ್ನು 1800-01ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ನೋಡಿ ಬರೆದಿಟ್ಟಿದ್ದಾನೆ. ಜಗತ್ತಿಗೆ ಉಕ್ಕಿನ ಹೆಸರು ಕೊಟ್ಟ ನಾಡಿನವರು ನಾವು, ರಂಗೋಲಿ ಚಾಕುವಿಗೆ ಮೂರು ಸಾವಿರ ಕೊಡುತ್ತೇವೆ!

ಕೊಡುತ್ತೇವೆ ಅಂದೆನಲ್ಲ, ಕೊಟ್ಟವನು ನಾನೇ. ಮೂರನೇ ಜಗಳ ನನ್ನ ಜೊತೆಗೇ.

ಎರಡು ವರ್ಷದ ಹಿಂದೆ ಚಾಮರಾಜನಗರದ ಹತ್ತಿರದ ನಮ್ಮೂರ ಮನೆಗೆ ಸುಣ್ಣ ಹೊಡೆಸುವಾಗ ತಮ್ಮ ಫೋನು ಮಾಡಿದ್ದ. ಅಟ್ಟದ ಮೇಲಿನ ಸಾಮಾನು ಏನು ಮಾಡುವುದು ಅಂತ ಕೇಳಿದ. "ಹಳೇದೆಲ್ಲ ಗುಜರಿಗೆ ಹಾಕು" ಅಂದೆ. ಆ ವಾರವೇ ನನ್ನ ಮೊದಲ ಚಿಟ್ಟೆ ಚಾಕು ಕೊರಿಯರಿನಲ್ಲಿ ಬರುವುದಿತ್ತು, ನನ್ನ ತಲೆಯೆಲ್ಲ ಅಲ್ಲಿತ್ತು. ಗುಜರಿ ಗಾಡಿಗೆ ಹೋದದ್ದರಲ್ಲಿ ಅಜ್ಜಿಯ ಅಡಕತ್ತರಿಯೂ ಇತ್ತು. ತೂಕಕ್ಕೆ ಹಾಕಿದರು.

ಅಡಕತ್ತರಿಯೂ ಎರಡು ಹಿಡಿ, ಒಂದು ತಿರುಗಣೆ, ಒಂದು ಅಲಗು. ಚಿಕ್ಕವನಿದ್ದಾಗ ಸಂತೆಗೆ ಕರೆದುಕೊಂಡು ಹೋದಾಗ ಅಜ್ಜಿ ಅಡಕತ್ತರಿ ಆರಿಸುವುದನ್ನು ನೋಡಿದ್ದೇನೆ. ಹೊಳಪು ನೋಡುತ್ತಿರಲಿಲ್ಲ. ಎರಡೂ ಹಿಡಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸುವಳು. ಆಮೇಲೆ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯುವಳು, ಸಂದಿನಲ್ಲಿ ಬೆಳಕು ಕಂಡರೆ ವಾಪಸ್ಸು. "ಮೂಳ ಗಟ್ಟಿಯಿಲ್ಲ ಕನಪ್ಪ, ಬ್ಯಾರೆ ಕೊಡು" ಅನ್ನುವಳು. ಇವತ್ತು ಚಿಟ್ಟೆ ಚಾಕು ಆರಿಸಲು ನಾನು ನಿಮಗೆ ಹೇಳುತ್ತಿರುವುದೂ ಅಷ್ಟೇ. ಅದನ್ನು ಕಲಿಯಲು ನಾನು ವರ್ಷಗಟ್ಟಲೆ ವಿಡಿಯೋ ನೋಡಿದೆ, ಕಲಿಸಿದವಳ ಅಡಕತ್ತರಿಯನ್ನು ಗುಜರಿಗೆ ಹಾಕಿಸಿದೆ.

ಆ ಮೂರು ಸಾವಿರದ ಚಾಕು ಆರು ತಿಂಗಳಿಗೆ ಸಡಿಲವಾಯಿತು. ಚಾಮರಾಜನಗರದಲ್ಲಿ ಒಬ್ಬ ಕುಲುಮೆಯವರ ಹತ್ತಿರ ಒಯ್ದೆ. ತಿರುಗಿಸಿ ನೋಡಿ ನಕ್ಕರು. "ಇದ್ಕ ರಿವಿಟ್ ಹಾಕಿದ್ರ ಎರಡು ಏಟ್ ಕೊಟ್ಟು ಬಿಗಿ ಮಾಡ್ಕೊಡ್ತಿದ್ದಿ ಬುದ್ದಿ. ಸ್ಕ್ರೂ ಮರೆ ಸವ್ದೋಗದ, ಏನ್ ಮಾಡಂಗದ?" ಒಳ್ಳೆಯ ಸ್ಕ್ರೂ ಇದ್ದರೆ ಬಿಗಿ-ಸಡಿಲ ನಾವೇ ಮಾಡಿಕೊಳ್ಳಬಹುದು, ಒಪ್ಪುತ್ತೇನೆ. ಕಳಪೆ ಸ್ಕ್ರೂವಿಗೆ ಮಾತ್ರ ಸಾವೇ ಗತಿ. ಅಡಕತ್ತರಿ ಮಾಡಿಕೊಡ್ತೀರಾ ಅಂತ ಕೇಳಿದೆ. "ಮಾಡುದೇನ್ ದೊಡ್ಡದು, ಕೇಳೋರ್ಯಾರು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಒಂದಕ್ಕೆ ಮುಂಗಡ ಕೊಟ್ಟು ಬಂದೆ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗನ ಮುಖ ಸಪ್ಪಗಾಗಿತ್ತು. "ಹಂಗಾರ ಚಿಟ್ಟೆ ಚಾಕು ಬ್ಯಾಡ್ವಾ ಮಾವ?"

ಬೇಕು ಕಣೋ. ಯಾಕೆ ಬೇಡ? ಆರು ಬೇಡ, ಒಂದು ತಗೋ. ಡ್ರ್ಯಾಗನ್ ಬೇಡ. ಸಾದಾ ಹಿಡಿಯದು, ಅಡ್ಡಕ್ಕೆ ಅಲ್ಲಾಡದ್ದು, ಯಾರು ಮಾಡಿದರು ಅಂತ ಹೇಳಲಾಗುವಂಥದ್ದು. ದುಡ್ಡು ಸಾಲದಿದ್ದರೆ ಇನ್ನೊಂದು ವರ್ಷ ಕಾಯಿ. ಅಷ್ಟರಲ್ಲಿ ಬೀರುವಿನ ಮೊದಲ ಜಾಗಕ್ಕೆ ನಿಮ್ಮನೆಯದೇ ಒಂದನ್ನು ತಂದಿಡು. ತಾಲ್ ಊರಿನ ಕಮ್ಮಾರನಿಗೆ ಗೌರವ ಕೊಟ್ಟು ನಮ್ಮ ಬೀದಿಯವನನ್ನು ಮರೆತರೆ ಅದನ್ನು ಸಂಗ್ರಹ ಅನ್ನಬೇಡ, ಶಾಪಿಂಗ್ ಅನ್ನು.

ಆರರಲ್ಲಿ ಐದನ್ನು ಅಲ್ಲೇ ಅಳಿಸಿದ. ಸಂಜೆ ನಾನು ಬಸ್ಸಿಗೆ ಹೊರಡುವಾಗ ಅಕ್ಕನ ಅತ್ತೆಯ ಎಲೆಅಡಿಕೆ ಚೀಲ ಕೈಯಲ್ಲಿಟ್ಟುಕೊಂಡು ಕೂತಿದ್ದ. ಆ ಅಜ್ಜಿ ಅಡಕತ್ತರಿ ಕೊಡಲು ಸುತರಾಂ ಒಪ್ಪುತ್ತಿರಲಿಲ್ಲ, "ನಾ ಸತ್ತ ಮ್ಯಾಕ ತಕ್ಕ" ಅನ್ನುತ್ತಿದ್ದರು :)

ಮುಂದಿನ ಸಲ ನಿಮ್ಮ ಬೀದಿಗೆ ಗುಜರಿ ಗಾಡಿ ಬಂದಾಗ ಒಮ್ಮೆ ಅಟ್ಟ ಹತ್ತಿ ನೋಡಿ. ಏನು ಸಿಕ್ಕಿತು ಅಂತ ನನಗೂ ತಿಳಿಸಿ. ಬಯ್ಯುವುದಿದ್ದರೆ ಈಗ ಬಯ್ಯಬಹುದು.