ಹೇಳದೆ ಕೊಂಡ ಮಾತ್ರೆ

ಹೆಂಡತಿಗೆ ತಲೆನೋವೆಂದರೆ ಗಂಡನು ಪೇಟೆಯ ಔಷಧಿ ಅಂಗಡಿಗೆ ಹೋಗಿ ಎರಡು ಮಾತ್ರೆ ಕೇಳುತ್ತಾನೆ. ಅಂಗಡಿಯವರು ಕತ್ತರಿಯಿಂದ ಎರಡನ್ನು ಕತ್ತರಿಸಿ ಕೊಡುತ್ತಾರೆ. ಮದ್ದಿನ ಹೆಸರು ಹೆಚ್ಚಾಗಿ ಅಂಗಡಿಯಲ್ಲಿ ಉಳಿದ ತುಂಡಿನಲ್ಲಿರುತ್ತದೆ. ನುಂಗುವವಳು ಎರಡು ತಿಂಗಳ ಗರ್ಭಿಣಿ ಎಂಬುದನ್ನು ಕೊಟ್ಟವರು ಕೇಳಲಿಲ್ಲ, ಕೊಂಡವನು ಹೇಳಲಿಲ್ಲ.

ಹೇಳದಿರುವುದಕ್ಕೆ ಕಾರಣವುಂಟು. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿಯನ್ನು ಹೊರಗೆ ಆಡಬಾರದೆಂಬುದು ಅನೇಕ ಮನೆಗಳ ರೂಢಿ. ಅದನ್ನು ನಾವು ಹಳಿಯುವುದಿಲ್ಲ. ಗರ್ಭ ನಿಲ್ಲದೆ ಹೋದಾಗ ಊರವರ ಪ್ರಶ್ನೆಗಳಿಂದ ಅದು ಎಷ್ಟೋ ಹೆಣ್ಣುಮಕ್ಕಳನ್ನು ಕಾಪಾಡಿದೆ. ಆದರೆ ಶಿಶುವಿನ ಹೃದಯ, ಕೈಕಾಲುಗಳು ರೂಪುಗೊಳ್ಳುವುದು ಮುಚ್ಚಿಟ್ಟ ಆ ವಾರಗಳಲ್ಲಿಯೇ.

1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಅಲ್ಲಿ ವೈದ್ಯರ ಚೀಟಿಯಿಲ್ಲದೆಯೇ ದೊರೆಯುತ್ತಿತ್ತು. ಗರ್ಭಿಣಿಯರು ಅದನ್ನು ವಾಕರಿಕೆಗೂ ನುಂಗಿದರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಕೈಕಾಲು ಬೆಳೆಯದೆಯೋ ಬೇರೆ ಊನಗಳೊಂದಿಗೋ ಹುಟ್ಟಿದ ಮಕ್ಕಳು ಜಗತ್ತಿನಲ್ಲಿ 10,000ಕ್ಕೂ ಹೆಚ್ಚೆಂದು ಅಂದಾಜು. ತಾಯಂದಿರು ನುಂಗಿದ್ದು ಮೊದಲ ಕೆಲವೇ ವಾರಗಳಲ್ಲಿ. ಬಸುರೆಂದು ತಮಗೇ ಖಚಿತವಾಗಿರದವರೂ ಅವರಲ್ಲಿದ್ದರು.

ಇಂದಿನ ಅಪಾಯ ಅಷ್ಟು ಘೋರವಲ್ಲ, ಆದರೆ ಕೈಗೆಟಕುವಷ್ಟು ಹತ್ತಿರವಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳಿಂದ 20ನೇ ವಾರದ ನಂತರ ಶಿಶುವಿನ ಮೂತ್ರಪಿಂಡಗಳಿಗೆ ತೊಂದರೆಯಾಗಿ ಗರ್ಭಜಲ ಕಡಿಮೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಜ್ವರಕ್ಕೆ, ನೋವಿಗೆ ವೈದ್ಯರು ಗರ್ಭಿಣಿಗೆ ಸಾಮಾನ್ಯವಾಗಿ ಹೇಳುವುದು ಪ್ಯಾರಾಸಿಟಮಾಲ್. ಆದರೆ ಪ್ಯಾರಾಸಿಟಮಾಲ್‌ನೊಡನೆ ಐಬುಪ್ರೊಫೆನ್ ಬೆರೆತ ಮಾತ್ರೆಗಳೂ ನಮ್ಮ ಅಂಗಡಿಗಳಲ್ಲಿ ಹೇರಳ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಅದನ್ನು ಓದುವುದೆಂತು?

ಇನ್ನು ಕಷಾಯ. ಗಿಡಮೂಲಿಕೆ, ಆದ್ದರಿಂದ ನಿರಪಾಯ ಎನ್ನುತ್ತಾರೆ. ತರ್ಕಶಾಸ್ತ್ರವನ್ನು ವರ್ಷಗಟ್ಟಲೆ ಓದಿದರೂ ಈ ‘ಆದ್ದರಿಂದ’ ನಮಗೆ ಇನ್ನೂ ಅರ್ಥವಾಗಿಲ್ಲ. ಕಾಸರಕವೂ ಮರವೇ.

ಭಯವೂ ಕೇಡು ಮಾಡುತ್ತದೆ. ಮೂರ್ಛೆರೋಗದ, ಥೈರಾಯ್ಡಿನ ಮಾತ್ರೆಗಳನ್ನು ಮಗುವಿಗಾಗಿ ಎಂದು ತಾವಾಗಿಯೇ ನಿಲ್ಲಿಸುವ ತಾಯಂದಿರಿದ್ದಾರೆ. ಮೂರ್ಛೆ ಮರುಕಳಿಸಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಬದಲಾಯಿಸಬೇಕಾದುದನ್ನು ವೈದ್ಯರೇ ಬದಲಾಯಿಸಲಿ. ತಿಳಿಯದೆ ಒಂದು ಮಾತ್ರೆ ನುಂಗಿದವಳೂ ಎದೆಗುಂದಬೇಕಿಲ್ಲ. ಅದನ್ನು ಕೊಂಡೊಯ್ದು ವೈದ್ಯರಿಗೆ ತೋರಿಸಲಿ.

ಮುಂದಿನ ಮದುವೆ ಸಿದ್ಧತಾ ಶಿಬಿರದಲ್ಲಿ ವರಗಳಿಗೆ ಹೇಳಬೇಕೆಂದು ನಾವು ಎರಡು ಮಾತು ಬರೆದಿಟ್ಟಿದ್ದೇವೆ: ಮದ್ದು ಯಾರಿಗೆಂದು ಅಂಗಡಿಯಲ್ಲಿ ಮೊದಲೇ ಹೇಳಿ, ಹೆಸರು ಕಾಣುವ ತುಂಡನ್ನೇ ಕೇಳಿ ಪಡೆಯಿರಿ.